ಮರದ ಗೋಡೆ ಕಟ್ಟಿದವನು

ಗ್ರೀಕ್ ಮಹಾಕವಿ ಈಸ್ಕಿಲಸನ ನಾಟಕವೊಂದನ್ನು ಬಿ. ಎಂ. ಶ್ರೀಕಂಠಯ್ಯನವರು ೧೯೩೫ರಲ್ಲಿ 'ಪಾರಸಿಕರು' ಎಂಬ ಹೆಸರಿನಿಂದ ಕನ್ನಡಕ್ಕೆ ತಂದುದು ವಾಚಕರಿಗೆ ತಿಳಿದ ಸಂಗತಿ. ನಾನು ಅದನ್ನು ಮೊದಲು ಓದಿದ್ದು ವಿದ್ಯಾರ್ಥಿದೆಸೆಯಲ್ಲಿ. ಸಲಾಮಿಸ್ ದ್ವೀಪದ ಬಳಿಯ ಇಕ್ಕಟ್ಟಾದ ಕಡಲಿನಲ್ಲಿ ಪಾರಸಿಕರ ಮಹಾನೌಕಾಪಡೆ ನುಚ್ಚುನೂರಾದ ಸುದ್ದಿಯನ್ನು ದೂತನು ರಾಜಮಾತೆಗೆ ಅರುಹುವ ಭಾಗವನ್ನು ನಮ್ಮ ಅಧ್ಯಾಪಕರು ಎರಡು ದಿನ ಪಾಠ ಹೇಳಿದರು. ಸತ್ತ ಪಾರಸಿಕ ಸರದಾರರ ಹೆಸರುಗಳು ಅಲ್ಲಿ ಸಾಲುಸಾಲಾಗಿ ಬರುತ್ತವೆ. ಗೆದ್ದ ಗ್ರೀಕರ ಕಡೆಯಲ್ಲಿ ಮಾತ್ರ ಒಬ್ಬನೇ ಒಬ್ಬನ ಹೆಸರೂ ಇಲ್ಲ. ಅಥೆನ್ಸಿನ ಪಡೆಯಿಂದ ಬಂದ ಯಾವನೋ ಒಬ್ಬನು ಸುಳ್ಳುಸುದ್ದಿ ಹೇಳಿ ಪಾರಸಿಕ ದೊರೆಯನ್ನು ಮೋಸಗೊಳಿಸಿದನೆಂದಿದೆ. ಅವನನ್ನು ಕಳುಹಿಸಿದವನು ಯಾರೆಂದಿಲ್ಲ. ಯಾರೆಂದು ನಾನು ಅಧ್ಯಾಪಕರನ್ನು ಕೇಳಿದೆ. ಥೆಮಿಸ್ಟೊಕ್ಲೀಸ್ ಎಂದರು. ಅಥೆನ್ಸಿನ ನೌಕಾಪಡೆಯನ್ನು ಕಟ್ಟಿದವನೇ ಅವನೆಂದೂ, ಕಡೆಗೆ ಅದೇ ಪಾರಸಿಕ ದೊರೆತನದ ಅನ್ನವನ್ನುಂಡು ಪರದೇಶದಲ್ಲಿ ಸತ್ತನೆಂದೂ ಸೇರಿಸಿ, ಪುಟ ತಿರುವಿ ಮುಂದಕ್ಕೆ ಹೋದರು.

ಆ ಎರಡು ಮಾತುಗಳು ನನ್ನ ಮನಸ್ಸಿನಲ್ಲಿ ಬಹುಕಾಲ ಒಂದಕ್ಕೊಂದು ಹೊಂದಿಕೊಳ್ಳಲಿಲ್ಲ. ನಾಡನ್ನು ಉಳಿಸಿದವನು ನಾಡಿನ ಹಗೆಯ ಮನೆಬಾಗಿಲಿಗೆ ಹೋದುದು ಹೇಗೆ? ಮುಂದೆ ಹಿರೊಡೊಟಸನನ್ನೂ ಥ್ಯುಸಿಡೈಡೀಸನನ್ನೂ, ಐದು ಶತಮಾನಕ್ಕೂ ಮೀರಿದ ಮೇಲೆ ಬಂದ ಪ್ಲೂಟಾರ್ಕನನ್ನೂ ಓದಿದಾಗ ನನಗೆ ತೋರಿದ್ದಿಷ್ಟು: ಈ ಮನುಷ್ಯನ ಬಾಳನ್ನು ಅವನು ಕಟ್ಟಿದ ನೌಕಾಪಡೆಯ ಬಾಳಿನಿಂದ ಬೇರ್ಪಡಿಸಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ.

ಕ್ರಿ. ಪೂ. ೫೨೪ರ ಸುಮಾರಿನಲ್ಲಿ ಹುಟ್ಟಿದವನು ಥೆಮಿಸ್ಟೊಕ್ಲೀಸ್. ತಂದೆ ನಿಯೊಕ್ಲೀಸನದು ಅಥೆನ್ಸಿನ ಹೆಸರುವಾಸಿ ಮನೆತನಗಳಲ್ಲಿ ಸೇರಿದ್ದಲ್ಲ. ತಾಯಿ ಹೊರನಾಡಿನವಳೆಂದು ಪ್ಲೂಟಾರ್ಕ್ ಹೇಳುತ್ತಾನೆ. ಇಂಥ ಬೆರಕೆ ಹುಟ್ಟಿನ ಹುಡುಗರಿಗೆಂದು ಊರಬಾಗಿಲಿನ ಹೊರಗೆ ಬೇರೆಯೇ ಒಂದು ಗರಡಿ ಇತ್ತು. ಥೆಮಿಸ್ಟೊಕ್ಲೀಸ್ ಮಾತಿನಲ್ಲಿ ಮರುಳುಮಾಡಿ ದೊಡ್ಡ ಮನೆಯ ಹುಡುಗರನ್ನೂ ಆ ಗರಡಿಗೇ ಎಳೆದು ತಂದನಂತೆ. ಸಂಗೀತ, ಸರಸ ಸಲ್ಲಾಪಗಳ ಸಂಸ್ಕಾರ ಅವನಿಗೆ ಅಷ್ಟಾಗಿ ಒಗ್ಗಲಿಲ್ಲ. ದೊಡ್ಡವನಾದ ಮೇಲೆ ಯಾರೋ ಅದನ್ನು ಆಡಿಕೊಂಡಾಗ, ವೀಣೆಯ ಶ್ರುತಿ ಮಾಡಲು ತನಗೆ ಬಾರದು, ಸಣ್ಣ ಊರೊಂದನ್ನು ದೊಡ್ಡದು ಮಾಡಲು ಬರುತ್ತದೆ ಎಂಬರ್ಥದ ಉತ್ತರ ಕೊಟ್ಟನೆಂದು ಪ್ರತೀತಿ.

ಬಾಲ್ಯದ ಇನ್ನೊಂದು ಕಥೆ ನನಗೆ ಇದಕ್ಕಿಂತ ಪ್ರಿಯವಾದದ್ದು. ಮಗನು ರಾಜಕಾರಣಕ್ಕೆ ಬೀಳುವ ಲಕ್ಷಣ ಕಂಡ ತಂದೆ ಅವನನ್ನು ಕಡಲ ದಂಡೆಗೆ ಕರೆದೊಯ್ದು, ಹಳತಾಗಿ ಮುರಿದು ಮರಳಿನಲ್ಲಿ ಹೂತುಹೋಗಿದ್ದ ಹಡಗುಗಳನ್ನು ತೋರಿಸಿದನಂತೆ. ಕೆಲಸ ತೀರಿದ ಮೇಲೆ ಜನರು ತಮ್ಮ ಮುಂದಾಳುಗಳನ್ನೂ ಹೀಗೆಯೇ ಎಸೆಯುತ್ತಾರೆಂದು ತಿಳಿಯಹೇಳಿದನಂತೆ. ಕಥೆ ನಿಜವೋ, ಹಿಂದಿನಿಂದ ಹೆಣೆದದ್ದೋ, ಬಲ್ಲವರಿಲ್ಲ. ಆದರೆ ಆ ಮಗುವಿನ ಕಣ್ಣು ಮುರುಕು ಹಡಗುಗಳಿಗೆ ನಿಲ್ಲದೆ, ಅವುಗಳಾಚೆಯ ನೀರಿನ ಮೇಲೆ ಹೋಯಿತೆಂಬುದನ್ನು ಅವನ ಮುಂದಿನ ಬಾಳು ಹೇಳುತ್ತದೆ.

ಆ ಕಾಲದ ಅಥೆನ್ಸಿಗೆ ಕಡಲು ರಕ್ಷಣೆಯ ಸ್ಥಳವಾಗಿರಲಿಲ್ಲ. ನಾಡಿನ ಕಾವಲೆಂದರೆ ಕಾಲಾಳು. ಕಂಚಿನ ಶಿರಸ್ತ್ರಾಣ, ಎದೆಗವಚ, ಗುಂಡನೆಯ ದೊಡ್ಡ ಗುರಾಣಿ, ಉದ್ದನೆಯ ಈಟಿ ಹಿಡಿದು ಭುಜಕ್ಕೆ ಭುಜ ಸೇರಿಸಿ ನಿಲ್ಲುವ ಪಂಕ್ತಿ. ಈ ಸಲಕರಣೆಯನ್ನು ರಾಜ್ಯ ಕೊಡುತ್ತಿರಲಿಲ್ಲ. ಪ್ರತಿಯೊಬ್ಬನೂ ತನ್ನ ಖರ್ಚಿನಿಂದಲೇ ಮಾಡಿಸಿಕೊಳ್ಳಬೇಕು. ಆದುದರಿಂದ ಹೊಲ ತೋಟ ಉಳ್ಳವನೇ ಯೋಧ. ಅವನಿಗಿಂತ ಸಿರಿವಂತನಾದವನಿಗೆ ಕುದುರೆ. ಏನೂ ಇಲ್ಲದ ಕೂಲಿಯವನು, ಕಸಬುದಾರ, ಮೀನುಗಾರ, ಇವರನ್ನು ಸೋಲನ್ ಮಾಡಿದ ಕಟ್ಟಳೆ ನಾಲ್ಕನೆಯ ವರ್ಗವೆಂದು ಎಣಿಸಿತ್ತು. ಸಭೆಯಲ್ಲಿ ಕೂರುವ ಹಕ್ಕು ಅವರಿಗುಂಟು, ಅಧಿಕಾರಸ್ಥಾನವಿಲ್ಲ. ನಾಡನ್ನು ಕಾಯುವವನೇ ನಾಡನ್ನಾಳತಕ್ಕವನು ಎಂಬುದು ಆ ವ್ಯವಸ್ಥೆಯ ಒಳಗಿನ ತರ್ಕ.

ನೌಕಾಬಲ ಎಷ್ಟು ಬಡವಾಗಿತ್ತೆಂಬುದಕ್ಕೆ ಹಿರೊಡೊಟಸನು ಒಂದು ನಿದರ್ಶನ ಕೊಡುತ್ತಾನೆ. ಎದುರಿಗೇ ಕಾಣುವ ಈಜೈನಾ ದ್ವೀಪದೊಡನೆ ಜಗಳ ಬಂದಾಗ ಅಥೆನ್ಸಿನಲ್ಲಿ ಇದ್ದದ್ದು ಐವತ್ತು ಹಡಗು. ಸಾಲದೆಂದು ಕಾರಿಂತ್ ನಗರದಿಂದ ಇನ್ನೂ ಇಪ್ಪತ್ತನ್ನು ಬೇಡಿ ತರಬೇಕಾಯಿತು. ದಾನ ಕೊಡಲು ಅಲ್ಲಿನ ಕಾನೂನು ಒಪ್ಪದ ಕಾರಣ, ಹಡಗಿಗೆ ಐದು ದ್ರಾಕ್ಮಾದಂತೆ ಹೆಸರಿಗೊಂದು ಬೆಲೆ ಕಟ್ಟಿ ಕೊಟ್ಟರು. ಅಷ್ಟೆಲ್ಲ ಮಾಡಿ ಹೊರಟದ್ದು ಗೊತ್ತಾದ ದಿನಕ್ಕೆ ಒಂದು ದಿನ ತಡವಾಗಿ.

ಕ್ರಿ. ಪೂ. ೪೯೩ರಲ್ಲಿ ಥೆಮಿಸ್ಟೊಕ್ಲೀಸನಿಗೆ ವರ್ಷದ ಮುಖ್ಯಾಧಿಕಾರಿಯ ಪದವಿ ದೊರೆಯಿತು. ಅಥೆನ್ಸಿನವರು ತಮ್ಮ ಹಡಗುಗಳನ್ನು ಫಲೇರಮ್ಮಿನ ಬಯಲು ದಂಡೆಯ ಮರಳಿಗೆ ಎಳೆದಿಡುತ್ತಿದ್ದರು. ಗಾಳಿಗೂ ಹಗೆಗೂ ಅಲ್ಲಿ ತಡೆಯಿಲ್ಲ. ಅದರ ಮಗ್ಗುಲಲ್ಲೇ ಪೈರಿಯಸ್ ಎಂಬ ಬಂಡೆಯ ಭೂಶಿರದಲ್ಲಿ ಸ್ವಭಾವತಃ ಮೂರು ಬಂದರುಗಳಿದ್ದರೂ ಯಾರೂ ಅವನ್ನು ಗಣಿಸಿರಲಿಲ್ಲ. ಅಲ್ಲಿ ಕೋಟೆ ಕಟ್ಟುವ ಕೆಲಸವನ್ನು ಅವನು ಆರಂಭಿಸಿದನು.

ಮೂರು ವರ್ಷ ಕಳೆಯುವುದರೊಳಗೆ ಅವನ ಆಲೋಚನೆಗೆ ವಿರುದ್ಧವಾದ ದೊಡ್ಡ ಪ್ರಮಾಣವೊಂದು ಜನರಿಗೆ ಸಿಕ್ಕಿತು. ಕ್ರಿ. ಪೂ. ೪೯೦ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಅಥೆನ್ಸಿನ ಕಾಲಾಳುಗಳು ಕಡಲು ದಾಟಿ ಬಂದ ಪಾರಸಿಕರನ್ನು ಸೋಲಿಸಿ ನೀರಿಗೆ ಅಟ್ಟಿದರು. ಸತ್ತ ಅಥೆನ್ಸಿನವರು ೧೯೨. ಪಾರಸಿಕರು ೬,೪೦೦ ಎಂದು ಹಿರೊಡೊಟಸನ ಲೆಕ್ಕ. ಇಷ್ಟಾದ ಮೇಲೆ ಈಟಿ ಗುರಾಣಿಗಳೇ ನಾಡಿಗೆ ಸಾಕೆಂದು ಯಾರಿಗೆ ತಾನೆ ತೋರದು? ಕವಿ ಈಸ್ಕಿಲಸನೂ ಆ ಪಂಕ್ತಿಯಲ್ಲಿ ನಿಂತು ಕಾದಿದವನು. ಅವನದೆಂದು ಹೇಳುವ ಸಮಾಧಿಲೇಖನದಲ್ಲಿ ಮ್ಯಾರಥಾನಿನ ಹೆಸರಿದೆ. ಅವನ ನಾಟಕಗಳ ಮಾತೂ ಇಲ್ಲ, ಸಲಾಮಿಸ್ಸಿನ ಮಾತೂ ಇಲ್ಲ. ನಾಡೆಲ್ಲ ಹಬ್ಬ ಮಾಡುತ್ತಿದ್ದಾಗ ಥೆಮಿಸ್ಟೊಕ್ಲೀಸನಿಗೆ ಮಾತ್ರ ನಿದ್ದೆ ಹತ್ತಲಿಲ್ಲವಂತೆ. ಸೇನಾಪತಿ ಮಿಲ್ಟಿಯಡೀಸನ ಕೀರ್ತಿಯ ಮೇಲಿನ ಹೊಟ್ಟೆಕಿಚ್ಚು ಅದಕ್ಕೆ ಒಂದು ಕಾರಣ. ಪ್ಲೂಟಾರ್ಕ್ ಅದನ್ನು ಮುಚ್ಚಿಡುವುದಿಲ್ಲ. ಮತ್ತೊಂದು ಕಾರಣ, ಎಲ್ಲರೂ ಯುದ್ಧ ಮುಗಿಯಿತೆಂದುಕೊಂಡಿದ್ದಾಗ ಅವನಿಗೆ ಅದು ಮೊದಲಾಯಿತೆಂದು ಕಂಡದ್ದು. ಮ್ಯಾರಥಾನಿಗೆ ಬಂದದ್ದು ಒಂದು ತುಕಡಿ. ಸಾಮ್ರಾಜ್ಯವೇ ಎದ್ದು ಬಂದರೆ ಹತ್ತು ಸಾವಿರ ಈಟಿಗಳು ಎಷ್ಟು ಹೊತ್ತು ತಡೆದಾವು?

ಆದರೆ ಹಡಗಿಗೆ ಹಣ ಬೇಕು. ಅದು ಬಂದದ್ದು ನೆಲದೊಳಗಿನಿಂದ. ಕ್ರಿ. ಪೂ. ೪೮೩ರಲ್ಲಿ ಲಾರಿಯಮ್ ಪ್ರದೇಶದ ಗಣಿಗಳಲ್ಲಿ ಬೆಳ್ಳಿಯ ಹೊಸ ನಿಧಿ ಸಿಕ್ಕಿ, ಬೊಕ್ಕಸಕ್ಕೆ ನೂರು ಟ್ಯಾಲೆಂಟಿನಷ್ಟು ಹಣ ಸೇರಿತು. ಗಣಿಯೊಳಗೆ ತೆವಳಿ ಅದನ್ನು ಅಗೆದು ತಂದ ಗುಲಾಮರ ಹೆಸರನ್ನು ಯಾರೂ ಬರೆದಿಡಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ತಲೆಗೆ ಹತ್ತು ದ್ರಾಕ್ಮಾದಂತೆ ಪೌರರೆಲ್ಲ ಹಂಚಿಕೊಳ್ಳಬೇಕೆಂದು ಸಭೆಯಲ್ಲಿ ಸೂಚನೆ ಬಂತು. ಹತ್ತು ದ್ರಾಕ್ಮಾ ಬಡವನಿಗೆ ಸಣ್ಣ ಮೊತ್ತವಲ್ಲ. ಅದನ್ನು ಬಿಡಿರೆಂದು ಹೇಳುವವನು ಜನರ ಕೈಗೆ ಬಂದ ತುತ್ತನ್ನು ತಪ್ಪಿಸಿದಂತೆ. ಥೆಮಿಸ್ಟೊಕ್ಲೀಸ್ ಆ ಕೆಲಸಕ್ಕೆ ನಿಂತನು. ದೂರದ ಪಾರಸಿಕರ ಹೆಸರೆತ್ತಿದ್ದರೆ ಯಾರೂ ಕೇಳುತ್ತಿರಲಿಲ್ಲ; ದಿನವೂ ಕಣ್ಣಿಗೆ ಕಾಣುವ ಈಜೈನಾದ ಸೆಡವನ್ನೇ ಮುಂದಿಟ್ಟು ಹಡಗು ಕಟ್ಟಲು ಒಪ್ಪಿಸಿದನು. ಕಟ್ಟಿದ್ದು ನೂರೆಂದು ಕೆಲವರು, ಇನ್ನೂರೆಂದು ಹಿರೊಡೊಟಸ್. ಮರುವರ್ಷ, ಅವನ ಪ್ರತಿಸ್ಪರ್ಧಿಯೂ ನ್ಯಾಯನಿಷ್ಠನೆಂದು ಹೆಸರಾದವನೂ ಆದ ಅರಿಸ್ಟೈಡೀಸನನ್ನು ಜನರು ಮತ ಹಾಕಿ ನಾಡಿನಿಂದ ಹೊರಗಟ್ಟಿದರು.

ಈ ಹೊಸ ಹಡಗು ಎಂಥದೆಂಬುದನ್ನು ತಿಳಿದರೆ ಮುಂದಿನದೆಲ್ಲ ತಿಳಿಯುತ್ತದೆ. ಅದರ ಹೆಸರು ಟ್ರೈರೀಮ್. ಸುಮಾರು ೩೭ ಮೀಟರು ಉದ್ದ. ಅಗಲ ಅದಕ್ಕೆ ತಕ್ಕಷ್ಟಿಲ್ಲದೆ ಕಿರಿದು. ಮೂತಿಯಲ್ಲಿ ನೀರಿನ ಮಟ್ಟಕ್ಕೆ ಕಂಚಿನ ಕೊಂಬು. ಹಡಗೇ ಆಯುಧ, ಶತ್ರುನೌಕೆಯ ಪಕ್ಕೆಗೆ ಗುದ್ದಿ ಬಿರುಕು ಬಿಡಿಸಿ ಹಿಂದಕ್ಕೆ ಸರಿಯುವುದೇ ಅದರ ಯುದ್ಧ. ಒಳಗೆ ಮೂರು ಅಂತಸ್ತಿನಲ್ಲಿ ೧೭೦ ಮಂದಿ ಹುಟ್ಟು ಹಾಕುವವರು: ಮೇಲಿನ ಸಾಲಿನಲ್ಲಿ ೬೨, ನಡುವೆ ೫೪, ತಳದಲ್ಲಿ ೫೪. ತಳದವನಿಗೆ ಹೊರಗಿನ ಕಡಲು ಕಾಣದು. ಮೇಲಿನವನ ಬೆವರು ಅವನ ಮೇಲೆ. ಇವರೆಲ್ಲ ಒಂದೇ ಉಸಿರಿನಲ್ಲಿ ಎಳೆಯಬೇಕು, ಒಂದೇ ಉಸಿರಿನಲ್ಲಿ ನಿಲ್ಲಿಸಬೇಕು. ಒಬ್ಬನು ತಪ್ಪಿದರೆ ಅಕ್ಕಪಕ್ಕದವರ ಹುಟ್ಟು ತೊಡರಿಕೊಳ್ಳುತ್ತದೆ. ೧೯೮೭ರಲ್ಲಿ ಗ್ರೀಸಿನಲ್ಲಿ ಇಂಥದೊಂದು ಹಡಗನ್ನು ಹಳೆಯ ಮಾದರಿಯಂತೆ ಮತ್ತೆ ಕಟ್ಟಿ ನೀರಿನಲ್ಲಿ ನಡೆಸಿ ನೋಡಿದರು. ಕಾಲಾಳಿನ ಪಂಕ್ತಿಯಲ್ಲಿ ನಿಲ್ಲಲು ಕವಚ ಕೊಳ್ಳುವ ಹಣ ಬೇಕಿತ್ತು. ಇಲ್ಲಿ ಬೇಕಾದದ್ದು ತೋಳು, ಅಭ್ಯಾಸ, ಮತ್ತು ಕೂರಲು ಒಂದು ಚರ್ಮದ ಮೆತ್ತೆ. ನಾಲ್ಕನೆಯ ವರ್ಗದವನ ಕೈಗೆ ನಾಡಿನ ರಕ್ಷಣೆ ಬಂದದ್ದು ಹೀಗೆ. ಸಭೆಯ ಯಾವ ಘೋಷಣೆಯೂ ಅದನ್ನು ಸಾರಲಿಲ್ಲ. ಹಡಗಿನ ರಚನೆಯೇ ಅದನ್ನು ಮಾಡಿತು.

ಕ್ರಿ. ಪೂ. ೪೮೦ರಲ್ಲಿ ದೊರೆ ಕ್ಸರ್ಕ್ಸೀಸ್ ನೆಲ ನೀರುಗಳೆರಡರ ಮೇಲೂ ಹೊರಟು ಬಂದನು. ಅವನ ಹಡಗು ೧,೨೦೭ ಎಂದು ಹಿರೊಡೊಟಸನ ಎಣಿಕೆ. ಡೆಲ್ಫಿಯ ದೈವವಾಣಿಯನ್ನು ಕೇಳಿದಾಗ, ಮರದ ಗೋಡೆಯೊಂದು ಮಾತ್ರ ಉಳಿಯುವುದೆಂದು ಬಂತು. ಮರದ ಗೋಡೆಯೆಂದರೇನು? ಅಕ್ರಾಪಲಿಸ್ ಗುಡ್ಡಕ್ಕೆ ಹಿಂದೆ ಮುಳ್ಳುಬೇಲಿ ಇತ್ತು, ಅದೇ ಇರಬೇಕೆಂದು ಕೆಲವು ಹಿರಿಯರು ಅರ್ಥಮಾಡಿದರು. ಹಡಗುಗಳೇ ಆ ಗೋಡೆಯೆಂದು ಥೆಮಿಸ್ಟೊಕ್ಲೀಸ್ ವಾದಿಸಿದನು. ಇದು ಬರಿಯ ಪದದ ಜಗಳವಲ್ಲ. ನಾಡೆಂದರೆ ಮಣ್ಣೋ, ಜನವೋ ಎಂಬ ಪ್ರಶ್ನೆ. ಹಡಗೇ ಗೋಡೆಯಾದರೆ ಊರನ್ನು, ದೇವಾಲಯಗಳನ್ನು, ಹಿರಿಯರ ಗೋರಿಗಳನ್ನು ಹಗೆಗೆ ಬಿಟ್ಟು ನೀರಿಗಿಳಿಯಬೇಕು. ಜನರು ಅದಕ್ಕೊಪ್ಪಿದರು.

ಪ್ಲೂಟಾರ್ಕ್ ಹೇಳುವ ಆ ದಿನಗಳ ಚಿತ್ರಗಳನ್ನು ನಾನು ತರಗತಿಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ; ಪ್ರತಿ ಸಲವೂ ನನ್ನ ಸ್ವರ ಸ್ವಲ್ಪ ತಗ್ಗುತ್ತದೆ. ಹೆಂಗಸರು ಮಕ್ಕಳನ್ನು ಟ್ರೀಜನ್ ಊರಿಗೆ ಸಾಗಿಸಿದಾಗ, ಆ ಊರಿನವರು ಅವರಿಗೆ ದಿನಕ್ಕೆ ಎರಡು ಓಬಲ್ ಕೊಡುವುದೆಂದೂ, ಮಕ್ಕಳು ಯಾವ ತೋಟದ ಹಣ್ಣನ್ನಾದರೂ ಕೀಳಬಹುದೆಂದೂ ನಿರ್ಣಯ ಮಾಡಿದರು. ಮಕ್ಕಳ ಪಾಠ ನಿಲ್ಲದಂತೆ ಉಪಾಧ್ಯಾಯರ ಸಂಬಳವನ್ನೂ ತಾವೇ ಕೊಟ್ಟರು. ಅಥೆನ್ಸಿನ ದಂಡೆಯಲ್ಲಿ ಸಾಕುಪ್ರಾಣಿಗಳು ಒಡೆಯರ ಹಿಂದೆ ಗೋಳಿಡುತ್ತ ಓಡಾಡಿದವು. ಕ್ಸಾಂತಿಪ್ಪಸನ ನಾಯಿ ನೀರಿಗೆ ಹಾರಿ ಅವನ ಹಡಗಿನ ಪಕ್ಕದಲ್ಲಿ ಈಜುತ್ತ ಸಲಾಮಿಸ್ ದಡ ಮುಟ್ಟಿ, ಅಲ್ಲಿಯೇ ಸತ್ತಿತು. ಮಿಲ್ಟಿಯಡೀಸನ ಮಗ, ಸಿರಿವಂತ ಯುವಕ ಸೈಮನ್, ತನ್ನ ಕುದುರೆಯ ಕಡಿವಾಣವನ್ನು ಗುಡ್ಡದ ಮೇಲಿನ ದೇವಿಗೆ ಒಪ್ಪಿಸಿ, ಅಲ್ಲಿದ್ದೊಂದು ಗುರಾಣಿಯನ್ನು ತೆಗೆದುಕೊಂಡು ಗೆಳೆಯರೊಡನೆ ಬಂದರಿನ ಕಡೆಗೆ ಇಳಿದು ಹೋದನು. ಕುದುರೆ ಏರಿ ಹುಟ್ಟಿದವನು ಕಡಿವಾಣ ಕೆಳಗಿಟ್ಟು ನಡೆದುಹೋದ ಆ ನೋಟದಲ್ಲಿ ಒಂದು ಯುಗ ಮುಗಿದದ್ದು ಕಾಣುತ್ತದೆ.

ಗುಡ್ಡದ ಮೇಲೆ ಹಲಗೆಯ ಬೇಲಿ ಕಟ್ಟಿಕೊಂಡು ಉಳಿದ ಕೆಲವರು ಸತ್ತರು. ಊರು ಉರಿಯಿತು. ಸಲಾಮಿಸ್ಸಿನಿಂದ ಹೊಗೆ ಕಾಣುತ್ತಿತ್ತು.

ಅಲ್ಲಿ ನೆರೆದಿದ್ದ ಗ್ರೀಕ್ ಹಡಗು ಹಿರೊಡೊಟಸನ ಪ್ರಕಾರ ೩೭೮. ಅದರಲ್ಲಿ ೧೮೦ ಅಥೆನ್ಸಿನವು. ಹಡಗಿಗೆ ಇನ್ನೂರು ಮಂದಿಯಂತೆ ೩೬,೦೦೦ ಜನ. ಅದೇ ಗ್ರಂಥಕರ್ತನು ಅಥೆನ್ಸಿನ ಪೌರರನ್ನು ಒಟ್ಟು ಮೂವತ್ತು ಸಾವಿರವೆಂದು ಒಂದೆಡೆ ಎಣಿಸುತ್ತಾನೆ. ಎಂದರೆ ನಡೆಯಬಲ್ಲ ಗಂಡಸರೆಲ್ಲರೂ, ಅಲ್ಲಿ ನೆಲಸಿದ್ದ ಪರಸ್ಥಳದವರೂ ಆ ಹಡಗುಗಳಲ್ಲಿದ್ದಿರಬೇಕು. ಆದರೂ ಮಹಾಸೇನಾಪತಿ ಸ್ಪಾರ್ಟಾದ ಯುರಿಬಯಡೀಸ್. ಒಗ್ಗಟ್ಟು ಮುರಿಯಬಾರದೆಂದು ಅಥೆನ್ಸಿನವರು ಆ ಮಾನವನ್ನು ಬಿಟ್ಟುಕೊಟ್ಟಿದ್ದರು. ದಕ್ಷಿಣದ ಮಿತ್ರರಿಗೆ ಅಲ್ಲಿಂದ ಹೊರಟು ತಮ್ಮ ಭೂಸಂಧಿಯ ಗೋಡೆಯ ಬಳಿಗೆ ಹೋಗಿಬಿಡುವ ಆತುರ. ಊರಿಲ್ಲದವನಿಗೆ ಸಭೆಯಲ್ಲಿ ಮಾತೇನೆಂದು ಕಾರಿಂತಿನ ನಾಯಕ ಅವನನ್ನು ಹಂಗಿಸಿದನು. ಸಜ್ಜಾದ ಹಡಗುಗಳಿರುವ ತನಕ ತಮಗೆ ಊರೂ ಉಂಟು, ನಾಡೂ ಉಂಟೆಂದು ಥೆಮಿಸ್ಟೊಕ್ಲೀಸ್ ತಿರುಗಿ ಹೇಳಿದನು. ನೀವು ಹೋದರೆ ನಾವು ಸಂಸಾರ ಸಮೇತ ಇಟಲಿಗೆ ಹೊರಟೇವೆಂದು ಬೆದರಿಸಿದನು.

ಅದೂ ಸಾಲದೆಂದು ಕಂಡಾಗ, ತನ್ನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಿಕಿನ್ನಸ್ ಎಂಬ ಸೇವಕನನ್ನು ರಾತ್ರಿ ದೋಣಿಯಲ್ಲಿ ಪಾರಸಿಕರ ಬಳಿಗೆ ಕಳುಹಿಸಿದನು. ಗ್ರೀಕರು ಓಡಿಹೋಗಲಿದ್ದಾರೆ, ಈಗಲೇ ದಾರಿ ಕಟ್ಟಬೇಕೆಂದು ಅವನು ಹೇಳಿಬಂದನು. ನಾಟಕದಲ್ಲಿ ಹೆಸರಿಲ್ಲದೆ ಬರುವ ಮನುಷ್ಯ ಇವನೇ. ಪಾರಸಿಕರು ರಾತ್ರಿಯೆಲ್ಲ ಹುಟ್ಟು ಹಾಕಿ ದಣಿದು ಜಲಸಂಧಿಯನ್ನು ಸುತ್ತುವರಿದರು. ದೇಶಭ್ರಷ್ಟನಾಗಿದ್ದ ಅರಿಸ್ಟೈಡೀಸನೇ ಆ ಸಾಲುಗಳ ನಡುವೆ ನುಸುಳಿ ಬಂದು, ಹಳೆಯ ಹಗೆಗೆ ಆ ಸುದ್ದಿಯನ್ನು ಮುಟ್ಟಿಸಿದನು. ಬೆಳಗಾದಾಗ ಇಕ್ಕಟ್ಟಿನ ನೀರಿನಲ್ಲಿ ಪಾರಸಿಕರ ಹೆಚ್ಚು ಸಂಖ್ಯೆಯೇ ಅವರಿಗೆ ಶತ್ರುವಾಯಿತು. ಮುಂದಿನವು ತಿರುಗಲಾರದೆ, ಹಿಂದಿನವು ನಿಲ್ಲಲಾರದೆ ಒಂದರ ಮೇಲೊಂದು ಏರಿದವು. ಬೆಟ್ಟದ ಬುಡದಲ್ಲಿ ಕುಳಿತು ನೋಡುತ್ತಿದ್ದ ಕ್ಸರ್ಕ್ಸೀಸ್ ಕೆಲವು ದಿನಗಳಲ್ಲಿ ಸ್ವದೇಶಕ್ಕೆ ಹಿಂದಿರುಗಿದನು. ಉಳಿದ ಭೂಸೈನ್ಯವನ್ನು ಮರುವರ್ಷ ಪ್ಲಟೀಯಾದಲ್ಲಿ ಗ್ರೀಕ್ ಕಾಲಾಳುಗಳು ಸೋಲಿಸಿದರು. ಈಟಿಯ ಕಾಲ ಪೂರ್ತಿ ಮುಗಿದಿರಲಿಲ್ಲ.

ಯಾರು ಹೆಚ್ಚಿನ ವೀರನೆಂದು ಸೇನಾಪತಿಗಳು ಮತ ಹಾಕಿದಾಗ ಪ್ರತಿಯೊಬ್ಬನೂ ಮೊದಲ ಮತವನ್ನು ತನಗೇ ಕೊಟ್ಟುಕೊಂಡು, ಎರಡನೆಯದನ್ನು ಬಹುಮಂದಿ ಥೆಮಿಸ್ಟೊಕ್ಲೀಸನಿಗೆ ಕೊಟ್ಟರು. ಸ್ಪಾರ್ಟಾ ಅವನಿಗೆ ಆಲಿವ್ ಎಲೆಯ ಕಿರೀಟವನ್ನೂ ಊರಿನಲ್ಲೇ ಶ್ರೇಷ್ಠವಾದ ರಥವನ್ನೂ ಕೊಟ್ಟು, ಮುನ್ನೂರು ತರುಣರನ್ನು ಗಡಿಯವರೆಗೆ ಕಳುಹಿಸಿತು.

ಕಥೆ ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತೆಂದು ವಿದ್ಯಾರ್ಥಿಯಾಗಿದ್ದಾಗ ನನಗನಿಸಿತ್ತು. ಆದರೆ ಅದೇ ವರ್ಷ, ಗೆಲುವಿನ ಬೆನ್ನಲ್ಲೇ, ನಡೆದುದನ್ನು ನೋಡಿ. ಪಾರಸಿಕರ ಪಕ್ಷ ವಹಿಸಿದ್ದರೆಂಬ ನೆಪದಿಂದ ಥೆಮಿಸ್ಟೊಕ್ಲೀಸ್ ಹಡಗುಗಳನ್ನು ಆಂಡ್ರಾಸ್ ದ್ವೀಪದ ಮುಂದೆ ತಂದು ನಿಲ್ಲಿಸಿ ಹಣ ಕೇಳಿದನು. ಒಡಂಬಡಿಕೆ, ಬಲವಂತ ಎಂಬ ಇಬ್ಬರು ದೇವತೆಗಳು ತನ್ನೊಡನೆ ಬಂದಿದ್ದಾರೆಂದು ಹೇಳಿಕಳುಹಿಸಿದನು. ತಮ್ಮ ದ್ವೀಪವನ್ನು ಬಿಟ್ಟುಹೋಗದ ದೇವತೆಗಳೂ ಇಬ್ಬರಿದ್ದಾರೆ, ಬಡತನ ಮತ್ತು ಕೈಲಾಗದಿರುವಿಕೆ ಎಂದು ದ್ವೀಪದವರು ಉತ್ತರವಿತ್ತರು. ಅಂದು ಅವರಿಂದ ಹಣ ಹುಟ್ಟಲಿಲ್ಲ. ಬೇರೆ ಕೆಲವು ದ್ವೀಪಗಳು ಹೆದರಿ ಕೊಟ್ಟವು. ಊರನ್ನು ಬಿಟ್ಟು ಬಂದ ಬಡವರ ಆಸರೆಯಾಗಿದ್ದ ಹಡಗು ಇನ್ನೊಬ್ಬ ಬಡವನ ಬಾಗಿಲಲ್ಲಿ ಸಾಲಗಾರನಂತೆ ನಿಂತದ್ದು ಎಷ್ಟು ಬೇಗ! ಹಾಗೆ ನಿಲ್ಲಿಸಿದವನೂ ಬೇರೆಯವನಲ್ಲ. ಈ ಕಲೆಯನ್ನು ಒರೆಸಲು ನನ್ನಿಂದಾಗದು.

ಮುಂದಿನ ಕೆಲಸವೂ ಅವನದೇ. ಸುಟ್ಟ ಊರಿಗೆ ಹಿಂದಿರುಗಿದ ಜನರು ಕೋಟೆ ಕಟ್ಟುವುದನ್ನು ಸ್ಪಾರ್ಟಾ ಒಪ್ಪಲಿಲ್ಲ. ಅವನು ದೂತನಾಗಿ ಅಲ್ಲಿಗೆ ಹೋಗಿ, ಇಲ್ಲದ ನೆಪ ಹೇಳುತ್ತ ದಿನ ತಳ್ಳಿದನು. ಇತ್ತ ಗಂಡಸರು, ಹೆಂಗಸರು, ಮಕ್ಕಳು ಕೈಗೆ ಸಿಕ್ಕ ಕಲ್ಲನ್ನೆಲ್ಲ ಹೊತ್ತು ಗೋಡೆ ಎಬ್ಬಿಸಿದರು. ಗೋರಿಯ ಕಲ್ಲುಗಳೂ ಅದರಲ್ಲಿ ಸೇರಿದವು. ಅಥೆನ್ಸಿನ ಹಳೆಯ ಸ್ಮಶಾನದ ಬಳಿ ಅಗೆದಾಗ ಅವು ಸಿಕ್ಕಿವೆ. ಪೈರಿಯಸ್ಸಿನ ಗೋಡೆಯನ್ನು ಎರಡು ಗಾಡಿ ಎದುರುಬದುರಾಗಿ ಹೋಗುವಷ್ಟು ಅಗಲಕ್ಕೆ ಕಟ್ಟಿಸಿದನು. ನೆಲದ ಮೇಲೆ ಸೋತ ದಿನ ಈ ಬಂದರಿಗಿಳಿದು ಹಡಗು ಹತ್ತಬೇಕೆಂಬುದು ಅವನು ಪದೇ ಪದೇ ಹೇಳಿದ ಬುದ್ಧಿಮಾತೆಂದು ಥ್ಯುಸಿಡೈಡೀಸ್ ತಿಳಿಸುತ್ತಾನೆ.

ಆದರೆ ನೌಕಾಪಡೆ ಈಗ ಅವನ ಕೈಯಲ್ಲಿರಲಿಲ್ಲ. ಕ್ರಿ. ಪೂ. ೪೭೮ರಲ್ಲಿ ಪಾರಸಿಕರಿಂದ ರಕ್ಷಣೆಗೆಂದು ದ್ವೀಪಗಳೂ ಕರಾವಳಿಯ ಊರುಗಳೂ ಅಥೆನ್ಸಿನ ಮುಂದಾಳುತನದಲ್ಲಿ ಕೂಟ ಕಟ್ಟಿದವು. ಯಾರು ಎಷ್ಟು ಕೊಡಬೇಕೆಂದು ಅರಿಸ್ಟೈಡೀಸ್ ಗೊತ್ತುಮಾಡಿದನು. ವರ್ಷಕ್ಕೆ ೪೬೦ ಟ್ಯಾಲೆಂಟು. ಮೊದಮೊದಲು ಹಲವರು ಹಡಗನ್ನೇ ಕೊಡುತ್ತಿದ್ದರು. ಕಡಲ ಮೇಲೆ ಅಲೆಯುವುದು ಬೇಸರವಾಗಿ ಬರಬರುತ್ತ ಹಣ ಕೊಡತೊಡಗಿದರು. ಆ ಹಣದಿಂದ ಅಥೆನ್ಸು ಹಡಗು ಕಟ್ಟಿತು. ಕೊಟ್ಟವರಿಗೆ ಹಡಗೂ ಇಲ್ಲ, ಅಭ್ಯಾಸವೂ ಇಲ್ಲ. ಕೂಟ ಬಿಡುತ್ತೇವೆಂದಾಗ ಅವರ ಬಂದರಿಗೆ ಬಂದು ನಿಂತದ್ದು ಅವರ ಹಣದಲ್ಲೇ ಕಟ್ಟಿದ ಹಡಗು. ಮೊದಲು ಹಾಗೆ ಮುತ್ತಿಗೆಗೆ ಸಿಕ್ಕಿದ್ದು ನಾಕ್ಸಾಸ್ ದ್ವೀಪ.

ಊರೊಳಗೂ ಬದಲಾವಣೆ ನಡೆದಿತ್ತು. ಹುಟ್ಟು ಹಾಕುವವನು ತಾನಿಲ್ಲದೆ ನಾಡಿಲ್ಲವೆಂಬುದನ್ನು ಕಂಡುಕೊಂಡಿದ್ದನು. ಮುಂದಿನ ಒಂದೆರಡು ತಲೆಮಾರುಗಳಲ್ಲಿ ಅಥೆನ್ಸಿನ ಬಡವನಿಗೆ ನ್ಯಾಯಸ್ಥಾನದಲ್ಲಿ, ಆಡಳಿತದಲ್ಲಿ ದೊರೆತ ಪಾಲಿಗೆ ಬೇರು ಆ ಹಡಗಿನ ತಳದ ಸಾಲಿನಲ್ಲಿದೆ. ಇದನ್ನು ಮೆಚ್ಚದ ಗ್ರೀಕರೂ ಕಾರಣವನ್ನು ಅಲ್ಲಗಳೆಯಲಿಲ್ಲ. ಕಡಲಿನ ಯುದ್ಧ ಜನರನ್ನು ಕೆಡಿಸಿತೆಂದು ಪ್ಲೇಟೋ ಬರೆದನು. ಉಳ್ಳವರ ನೆಮ್ಮದಿ ಕೆಟ್ಟದ್ದೇನೋ ನಿಜ.

ಹಡಗು ಕಟ್ಟಿಸಿದವನು ಮಾತ್ರ ಜನರಿಗೆ ಬೇಸರವಾಗತೊಡಗಿದ್ದನು. ಮಾಡಿದ ಉಪಕಾರವನ್ನು ಆಗಾಗ ಜ್ಞಾಪಿಸುವ ದುರ್ಗುಣ ಅವನಿಗಿತ್ತು. ಹಣದಾಸೆಯ ಅಪವಾದವೂ ಇತ್ತು. ಮಡಕೆಯ ಚೂರಿನ ಮೇಲೆ ಹೆಸರು ಗೀಚಿ ಒಬ್ಬನನ್ನು ಹತ್ತು ವರ್ಷ ಹೊರಗಟ್ಟುವ ಪದ್ಧತಿ ಅಲ್ಲಿಯದು. ಕ್ರಿ. ಪೂ. ೪೭೧ರ ಸುಮಾರಿನಲ್ಲಿ ಅದು ಅವನ ಪಾಲಿಗೂ ಬಂತು. ಅಕ್ರಾಪಲಿಸ್ ಇಳಿಜಾರಿನ ಬಾವಿಯೊಂದರಲ್ಲಿ ಅವನ ಹೆಸರಿನ ೧೯೦ ಚೂರುಗಳು ಒಟ್ಟಿಗೆ ಸಿಕ್ಕಿವೆ. ಬರೆದ ಕೈಗಳು ಹದಿನಾಲ್ಕರಷ್ಟು ಮಾತ್ರ. ಹಂಚಲೆಂದು ಮೊದಲೇ ಬರೆಸಿಟ್ಟವು. ಅರಿಸ್ಟೈಡೀಸನನ್ನು ಕಳುಹಿಸಿದ ದಾರಿಯಲ್ಲಿ ಅವನೂ ಹೊರಟನು.

ಆರ್ಗಾಸಿನಲ್ಲಿದ್ದಾಗ ದೇಶದ್ರೋಹದ ಆಪಾದನೆ ಬಂತು. ಅಲ್ಲಿಂದ ಕಾರ್ಸೈರಾ, ಅಲ್ಲಿಂದ ಹಳೆಯ ವೈರಿಯಾದ ಮೊಲಾಸಿಯರ ಅರಸನ ಮನೆ. ಅರಸನ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಒಲೆಯ ಬಳಿ ಕುಳಿತು ಆಶ್ರಯ ಬೇಡಿದನು. ಬಳಿಕ ಬೆಟ್ಟ ದಾಟಿ ಪಿಡ್ನಾ ಬಂದರಿನಲ್ಲಿ ಹೆಸರು ಮರೆಸಿ ವರ್ತಕರ ಹಡಗು ಹತ್ತಿದನು. ಬಿರುಗಾಳಿ ಆ ಹಡಗನ್ನು ನಾಕ್ಸಾಸಿನ ಬಳಿಗೆ ಒಯ್ದಿತೆಂದು ಥ್ಯುಸಿಡೈಡೀಸ್ ಹೇಳುತ್ತಾನೆ. ಅಲ್ಲಿ ಅಥೆನ್ಸಿನ ನೌಕಾಪಡೆ ಮುತ್ತಿಗೆ ಹಾಕಿ ನಿಂತಿತ್ತು. ಅವನು ನಾವಿಕನಿಗೆ ತಾನಾರೆಂದು ತಿಳಿಸಿ, ಉಳಿಸಿದರೆ ಬಹುಮಾನ, ಹಿಡಿದುಕೊಟ್ಟರೆ ಲಂಚ ತಿಂದು ಸಾಗಿಸಿದವನೆಂದು ನಿನ್ನ ಮೇಲೂ ಹೇಳುತ್ತೇನೆಂದನು. ದಡಕ್ಕೆ ಯಾರನ್ನೂ ಇಳಿಸದೆ ಒಂದು ಹಗಲು, ಒಂದು ರಾತ್ರಿ ಆ ಹಡಗು ಅಲೆಯ ಮೇಲೆ ತೇಲಿತು.

ಅವನ ಬಾಳಿನಲ್ಲಿ ಸಲಾಮಿಸ್ಸಿಗಿಂತ ಈ ಇರುಳು ನನ್ನನ್ನು ಹೆಚ್ಚಾಗಿ ಕಾಡುತ್ತದೆ. ಒಂದು ಕಾಲಕ್ಕೆ ಊರಿಲ್ಲದ ಜನರ ಊರಾಗಿದ್ದ ಹಡಗುಗಳು ಅಲ್ಲಿ ಸಾಲಾಗಿ ನಿಂತಿವೆ. ಅವನ್ನು ಕಟ್ಟಿಸಿದವನು ಊರಿಲ್ಲದವನಾಗಿ ಅವುಗಳ ಕಣ್ಣಿಗೆ ಬೀಳದಂತೆ ಕತ್ತಲಲ್ಲಿ ಅಡಗಿದ್ದಾನೆ. ಹಡಗುಗಳು ಮುತ್ತಿರುವುದೂ ಪಾರಸಿಕರನ್ನಲ್ಲ, ತಮ್ಮವರನ್ನೇ. ಅವನು ಅಂದು ಏನೆಂದುಕೊಂಡನೋ ಥ್ಯುಸಿಡೈಡೀಸ್ ಬರೆಯಲಿಲ್ಲ. ಬರೆಯದೆ ಇದ್ದುದೇ ಮೇಲು.

ಏಷ್ಯಾದ ದಡ ಸೇರಿದ ಅವನು ಕ್ಸರ್ಕ್ಸೀಸನ ಮಗ ಅರ್ತಕ್ಸರ್ಕ್ಸೀಸನ ಆಶ್ರಯ ಪಡೆದನು. ಒಂದು ವರ್ಷದಲ್ಲಿ ಪಾರಸಿಕ ಭಾಷೆಯನ್ನು ಕಲಿತನು. ದೊರೆ ಅವನಿಗೆ ರೊಟ್ಟಿಗೆ ಮ್ಯಾಗ್ನೀಸಿಯಾ, ದ್ರಾಕ್ಷಾರಸಕ್ಕೆ ಲ್ಯಾಂಪ್ಸಕಸ್, ವ್ಯಂಜನಕ್ಕೆ ಮಯಸ್ ಎಂದು ಮೂರು ಊರುಗಳನ್ನು ಕೊಟ್ಟನು. ಮ್ಯಾಗ್ನೀಸಿಯಾದ ಉತ್ಪತ್ತಿಯೇ ವರ್ಷಕ್ಕೆ ೫೦ ಟ್ಯಾಲೆಂಟು. ಅವನ ಹೆಸರಿನ ನಾಣ್ಯಗಳು ಇಂದಿಗೂ ಉಳಿದಿವೆ. ಕ್ರಿ. ಪೂ. ೪೫೯ರ ಸುಮಾರಿಗೆ ಅಲ್ಲಿಯೇ ತೀರಿಕೊಂಡನು. ಕಾಯಿಲೆಯೆಂದು ಥ್ಯುಸಿಡೈಡೀಸ್, ಗ್ರೀಕರ ಮೇಲೆ ದಂಡೆತ್ತುವ ಮಾತನ್ನು ನಡೆಸಲಾರದೆ ವಿಷ ಕುಡಿದನೆಂದು ಜನರ ಮಾತು. ಎರಡನೆಯದು ಸೊಗಸಾದ ಕಥೆ. ಸೊಗಸಿಗಾಗಿ ನಾನು ಅದನ್ನು ನಂಬಲಾರೆ. ಆದರೆ ತನ್ನ ಹಡಗುಗಳ ಮೇಲೆ ಅವನು ಹಗೆಯ ಪಡೆಯನ್ನು ನಡೆಸಿ ತಂದನೆಂದು ಯಾರೂ ಹೇಳಿಲ್ಲ ಎಂಬುದಷ್ಟು ಸಾಕು. ನೆಂಟರು ಅವನ ಅಸ್ಥಿಯನ್ನು ಗುಟ್ಟಾಗಿ ತಂದು ಆಟಿಕಾದ ನೆಲದಲ್ಲಿ ಹೂಳಿದರೆಂದು ಹೇಳುತ್ತಿದ್ದರು. ಪೈರಿಯಸ್ ಬಂದರಿನ ಬಾಯಿಯಲ್ಲಿ ಒಂದು ಗೋರಿಯನ್ನು ಅವನದೆಂದು ತೋರಿಸುವ ವಾಡಿಕೆ ಬಹುಕಾಲ ನಡೆಯಿತು.

ಹಡಗುಗಳ ಕಥೆ ಇನ್ನೂ ಐವತ್ತೈದು ವರ್ಷ ಮುಂದುವರಿಯಿತು. ಕ್ರಿ. ಪೂ. ೪೧೧ರಲ್ಲಿ ಅಥೆನ್ಸಿನ ಸಿರಿವಂತರು ಜನರ ಆಡಳಿತವನ್ನು ಉರುಳಿಸಿದಾಗ ಅದನ್ನು ಎತ್ತಿ ಹಿಡಿದದ್ದು ಸಾಮಾಸ್ ದ್ವೀಪದಲ್ಲಿದ್ದ ನೌಕಾಪಡೆ. ಅದಕ್ಕೆ ಐದು ವರ್ಷ ಮೊದಲು, ಯಾರ ಕೂಟಕ್ಕೂ ಸೇರದ ಮೀಲಾಸ್ ಎಂಬ ಪುಟ್ಟ ದ್ವೀಪವನ್ನು ಗೆದ್ದು ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಮಾರಿದ್ದೂ ಅದೇ ಪಡೆಯ ಬಲ. ಕ್ರಿ. ಪೂ. ೪೦೪ರಲ್ಲಿ ಸ್ಪಾರ್ಟಾ ಗೆದ್ದು, ಅಥೆನ್ಸಿಗೆ ಹನ್ನೆರಡೇ ಹಡಗು ಉಳಿಸಿತು. ಥೆಮಿಸ್ಟೊಕ್ಲೀಸ್ ಕಟ್ಟಿಸಿದ ಪೈರಿಯಸ್ಸಿನ ಗೋಡೆಗಳನ್ನು ಕೊಳಲಿನ ಗಾನದೊಡನೆ ಕೆಡವಿದರು. ಗ್ರೀಸಿಗೆ ಸ್ವಾತಂತ್ರ್ಯ ಬಂತೆಂದು ಅಂದು ಕೆಡವಿದವರು ನಲಿದರಂತೆ. ಸಲಾಮಿಸ್ಸಿನ ದಿನವೂ ಜನರು ಹಾಗೆಯೇ ನಲಿದಿದ್ದರು.

ಈಗ ಆ ನಾಟಕದ ಪ್ರಶ್ನೆಗೆ ಬರುತ್ತೇನೆ. ಅದು ರಂಗಕ್ಕೆ ಬಂದದ್ದು ಕ್ರಿ. ಪೂ. ೪೭೨ರಲ್ಲಿ, ಥೆಮಿಸ್ಟೊಕ್ಲೀಸನ ಮೇಲೆ ಜನರ ಮನಸ್ಸು ಮುರಿದಿದ್ದ ದಿನಗಳಲ್ಲಿ. ಆದುದರಿಂದ ಕವಿ ಹೆಸರನ್ನು ಬಿಟ್ಟಿರಬಹುದೆಂದು ಹಿಂದೆ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಇತ್ತೀಚೆಗೆ ಆ ಉತ್ತರ ನನಗೆ ಕಿರಿದೆನಿಸಿದೆ. ಈಸ್ಕಿಲಸನೂ ಸಲಾಮಿಸ್ಸಿನಲ್ಲಿದ್ದನೆಂದು ಪ್ರಾಚೀನರು ಹೇಳುತ್ತಾರೆ. ಇದ್ದಿದ್ದರೆ ಅವನು ಕೇಳಿದ್ದು ಒಬ್ಬನ ಕೂಗನ್ನಲ್ಲ, ಸಾವಿರಾರು ಹುಟ್ಟುಗಳು ಒಮ್ಮೆಗೇ ನೀರಿಗೆ ಬೀಳುವ ಸದ್ದನ್ನು. ಒಬ್ಬನ ಹೆಸರನ್ನು ಬರೆದಿದ್ದರೆ ತಳದ ಸಾಲಿನಲ್ಲಿ ಕಡಲನ್ನೇ ಕಾಣದೆ ಎಳೆದವನ ಹೆಸರನ್ನೂ ಬರೆಯಬೇಕಾಗುತ್ತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಈಗ ತರಗತಿಯಲ್ಲಿ ಯಾರಾದರೂ ಹೆಸರು ಕೇಳಿದರೆ ಥೆಮಿಸ್ಟೊಕ್ಲೀಸನ ಹೆಸರು ಹೇಳುತ್ತೇನೆ. ಪುಟ ತಿರುವುವ ಮೊದಲು ಹಡಗಿನ ಮೂರು ಸಾಲುಗಳನ್ನು ಹಲಗೆಯ ಮೇಲೆ ಬರೆದು ತೋರಿಸುತ್ತೇನೆ.